ನಾನು ತಪ್ಪು ಅಂದ ಸ್ವರ

ಹುರಿದ ಶೇಂಗಾ ಮೊರದಲ್ಲಿ ಹಾಕಿಕೊಂಡು ಅಂಗೈಯಲ್ಲಿ ತಿಕ್ಕಿ ಸಿಪ್ಪೆ ಹಾರಿಸುತ್ತಿದ್ದೆ. ಶ್ರಾವಣದ ಎರಡನೇ ಸೋಮವಾರ. ನನ್ನದು ಒಪ್ಪತ್ತು, ಹೊಟ್ಟೆಯಲ್ಲಿ ಒಂದು ಲೋಟ ಚಹಾ ಬಿಟ್ಟರೆ ಏನೂ ಇರಲಿಲ್ಲ. ಹೊರಗೆ ಜಿಟಿಜಿಟಿ ಮಳೆ. ಆಗ ಮಗ ಗಿರೀಶ ಆಫೀಸಿನಿಂದ ಫೋನ್ ಮಾಡಿದ.

"ಅವ್ವಾ, ಮೆಹದಿಪಟ್ಟಣಂನಿಂದ ಒಬ್ರು ಮಾಸ್ತರ್ ಬರಾಕತ್ತಾರ. ಅಕ್ಷತಾನ ಗಿಟಾರ್ ತಗೊಂಡು ಹೋಗ್ತಾರ. ಬಾಗಿಲಾ ತಗದು ತೋರಸು, ಅಷ್ಟ."

"ತಗೊಂಡ ಹೋಗೂದಂದ್ರ?"

"ಮಾರಾಕತ್ತಾಳವಾ. ಅಕಿಗೆ ಬ್ಯಾಡಂತ."

ಇಷ್ಟು ಹೇಳಿ ಮೀಟಿಂಗ್ ಐತಿ ಅಂತ ಫೋನ್ ಇಟ್ಟ. ನಾನು ಮತ್ತೆ ಶೇಂಗಾಕ್ಕೆ ಕೈ ಹಾಕಿದೆ.

ಇದು ನಾಲ್ಕು ವರ್ಷದ ಹಿಂದಿನ ಮಾತು. ಈಗಲೂ ಶೇಂಗಾ ಹುರಿದ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಆ ಶ್ರಾವಣ, ಆಮೇಲೆ ಚಟ್ನಿಪುಡಿ.

ನಾವು ಬಾಗಲಕೋಟೆ ಕಡೆಯವರು. ನಮ್ಮನೆಯವರು ಇಲ್ಲಿ ತೆಲುಗು ಸೀಮೆಯ ಬಾಲಾನಗರದಲ್ಲಿ ಕೇಂದ್ರ ಸರಕಾರದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ದುಡಿದು ರಿಟೈರ್ ಆದವರು. ಕ್ವಾರ್ಟರ್ಸ್ ಬಿಟ್ಟ ಮೇಲೆ ಅಲ್ಲೇ ಹತ್ತಿರದಲ್ಲಿ ಎರಡು ಕೋಣೆಯ ಫ್ಲ್ಯಾಟ್ ದೇವರು ಕೊಟ್ಟ. ಸೊಸೆ ಅಕ್ಷತಾ ಕಾರ್ಕಳದ ಹುಡುಗಿ. ಅವಳೂ ಗಿರೀಶನೂ ಗಚ್ಚಿಬೌಲಿಯಲ್ಲಿ ಒಂದೇ ಕಟ್ಟಡದಲ್ಲಿ ಕೆಲಸ ಮಾಡುತ್ತ ಪರಿಚಯವಾದವರು. ಮದುವೆಯಾಗಿ ಆಗ ಏಳು ತಿಂಗಳು. ಮನೆ ತುಂಬಿಸಿಕೊಂಡ ದಿನ ಎರಡು ಸೂಟ್‌ಕೇಸು, ಒಂದು ಕರೀ ಪೆಟ್ಟಿಗೆ, ಒಂದು ಸಣ್ಣ ಸ್ಪೀಕರ್ ಜೊತೆಗೆ ಬಂದಳು. ಕರೀ ಪೆಟ್ಟಿಗೆಯೊಳಗೆ ಕೆಂಪು ಬಣ್ಣದ ಎಲೆಕ್ಟ್ರಿಕ್ ಗಿಟಾರ್. ನಮ್ಮನೆಯವರು ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, "ಫಿನಿಶಿಂಗ್ ಭಾಳ ಛಲೋ ಐತಿ" ಅಂತ ಸರ್ಟಿಫಿಕೇಟ್ ಕೊಟ್ಟರು.

ಅಕ್ಷತಾ ಸಂಜೆ ಆಫೀಸಿನಿಂದ ಬಂದು ಕೈಕಾಲು ತೊಳೆದು ಏಳು ಗಂಟೆಯ ಸುಮಾರಿಗೆ ಬಾರಿಸಲು ಕೂತರೆ ನಾನು ದೇವರ ಮುಂದೆ ದೀಪ ಹಚ್ಚುವ ಹೊತ್ತು. ನನಗೇನೂ ತ್ರಾಸಾಗುತ್ತಿರಲಿಲ್ಲ. ಆದರೆ ನನಗೊಂದು ಚಟ. ನಮ್ಮ ಕಾಲೊನಿಯ ಭಜನಾ ಮಂಡಳಿಯಲ್ಲಿ ಶ್ರುತಿ ತಪ್ಪಿದರೆ ಹಿಡಿಯುವವಳು ನಾನೇ. ಯಾರ ದನಿ ಎಲ್ಲಿ ಜಾರಿತು ಅಂತ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತೇನೆ. ಅಕ್ಷತಾ ಬಾರಿಸುವಾಗ ದಪ್ಪಗೆ ಗರಗರ ಅಂತ ಹೋಗುತ್ತಿದ್ದ ಸ್ವರ ನಡುವೆ ಒಮ್ಮೆಲೇ ಸಣ್ಣಗಾಗಿ ಮೇಲೆ ಹಾರಿ, ರೈಲು ಬ್ರೇಕ್ ಹಾಕಿದಂತೆ ಕೀಂ ಅಂತ ಚೀರುತ್ತಿತ್ತು. ನಾನು ಆರತಿ ತಟ್ಟೆ ಹಿಡಿದುಕೊಂಡೇ ಕೂಗಿ ಹೇಳುತ್ತಿದ್ದೆ, "ತಪ್ಪಾತವಾ. ಇರಲಿ ತಗೊ, ಮತ್ತ ಮೊದಲಿಂದ ಹಿಡಿ."

ಒಳಗಿನಿಂದ, "ಹೌದಾ ಅತ್ತೆ?" ಅಂತ ಬರುತ್ತಿತ್ತು. ಮತ್ತೆ ಬಾರಿಸಿದಾಗ ಆ ಚೀರು ಇರುತ್ತಿರಲಿಲ್ಲ.

ನನಗೆ ಎಂಥ ಸಂತೋಷ. ಮಂಡಳಿಯಲ್ಲಿ ಹೇಳಿಕೊಂಡೆ ಕೂಡ, "ನಮ್ಮ ಸೊಸಿಗೆ ನಾ ಒಂದ ಸಲ ಹೇಳಿದ್ರ ಸಾಕರಿ, ತಿದ್ದಿಕೋತಾಳ." ಬರುಬರುತ್ತ ಆಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಾರಿಸತೊಡಗಿದಳು. ಆಮೇಲೆ ವಾರಕ್ಕೊಮ್ಮೆ ಆಯಿತು. ಆಷಾಢದಲ್ಲಿ ತವರಿಗೆ ಹೋಗಿ ಬಂದ ಮೇಲೆ ಪೆಟ್ಟಿಗೆ ಕಪಾಟಿನ ಮೇಲೇರಿತು. ಕೆಲಸ ಜಾಸ್ತಿ ಆಗಿರಬೇಕು ಅಂದುಕೊಂಡೆ.

ಆ ಸೋಮವಾರ ಬಂದ ಮಾಸ್ತರ್ ಹೆಸರು ಯೂಸುಫ್. ನನ್ನದೇ ವಯಸ್ಸಿನವರು, ಬಿಳೀ ಗಡ್ಡ, ನೆನೆದ ಕೊಡೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೊಡೆಯ ನೀರು ಹೊರಗೆ ಜಾಡಿಸಿ ಒಳಗೆ ಬಂದರು. ದೀವಾನದ ಮೇಲೆ ಕೂತು ಗಿಟಾರನ್ನು ಸ್ಪೀಕರಿಗೆ ಜೋಡಿಸಿ ಕಿವಿ ತಿರುವಿ ಶ್ರುತಿ ಮಾಡಿಕೊಂಡರು. ಕೈ ಭಾಳ ತಯಾರಿ ಇತ್ತು. ನಾನು ಅಡುಗೆಮನೆ ಬಾಗಿಲಲ್ಲಿ ಮೊರ ಹಿಡಿದು ನಿಂತು ಕೇಳುತ್ತಿದ್ದೆ. ನಾಲ್ಕು ಸಾಲು ಬಾರಿಸಿರಬೇಕು, ಅಷ್ಟರಲ್ಲಿ ಕೀಂ ಅಂತು.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ತಪ್ಪಾತಲ್ರಿ" ಅಂದೆ.

ಅವರಿಗೆ ಕನ್ನಡ ಬರದಿದ್ದರೂ ಮುಖ ನೋಡಿ ತಿಳಿಯಿತು. ನಕ್ಕರು. "ಗಲ್ತಿ ನಕ್ಕೋ ಬೋಲೋ ಅಮ್ಮಾ" ಅಂದರು. ತಪ್ಪು ಅನ್ನಬೇಡಿ ಅಂತ. ಆಮೇಲೆ ತಮ್ಮ ಹಿಂದಿಯಲ್ಲಿ ಸಾವಕಾಶ ಬಿಡಿಸಿ ಹೇಳಿದರು. ಅದನ್ನು ಪಿಂಚ್ ಹಾರ್ಮೋನಿಕ್ ಅನ್ನುತ್ತಾರಂತೆ. ಬೇಕೆಂದೇ ತೆಗೆಯುವ ಸ್ವರ. ತಾನಾಗಿ ಬರುವುದಿಲ್ಲ, ಕಲಿಯಲು ಭಾಳ ಕಷ್ಟ. "ನಿಮ್ಮ ಸೊಸೆಗೆ ಕಲಿಸಿದ್ದು ನಾನೇ. ಮದುವೆಗೆ ಮೊದಲು ಎಂಟು ತಿಂಗಳು ಆಫೀಸ್ ಮುಗಿಸಿ ಬಸ್ಸು ಹಿಡಿದು ನನ್ನ ಕ್ಲಾಸಿಗೆ ಬಂದಳು, ಇದೊಂದಕ್ಕೇ. ಸರಿಯಾಗಿ ಬಂದ ದಿನ ಇಡೀ ಕ್ಲಾಸಿಗೆ ಉಸ್ಮಾನಿಯಾ ಬಿಸ್ಕಿಟ್ ಹಂಚಿದಳು. ಅಂಥವಳು ಈಗ ಮಾರುತ್ತೇನೆ ಅಂದರೆ ನನಗೂ ಮನಸ್ಸು ಒಪ್ಪಲಿಲ್ಲ. ಬೇರೆ ಯಾರೋ ಒಯ್ಯುವುದಕ್ಕಿಂತ ನನ್ನ ಕ್ಲಾಸಿನಲ್ಲೇ ಇರಲಿ ಅಂತ ಬಂದೆ."

ಮೊರ ಕೆಳಗಿಟ್ಟೆ. ಏಳು ತಿಂಗಳು. ಆಕೆ ಬಾರಿಸಿದ ದಿನಕ್ಕೆ ಎರಡು ಸಲ ಅಂತ ಹಿಡಿದರೂ ನಾನು ಎಷ್ಟು ಸಲ ತಪ್ಪಾತು ಅಂದಿರಬಹುದು? ಅಷ್ಟು ಸಲವೂ ಆಕೆ, ಹೌದಾ ಅತ್ತೆ, ಅಂದಿದ್ದಳು.

ಮಾಸ್ತರ್ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು ಜಿಪ್ ಎಳೆಯುತ್ತಿದ್ದರು. ನನಗೆ ಯೋಚಿಸಲು ಅಷ್ಟೇ ಹೊತ್ತು. ಹರಕುಮುರುಕು ಹಿಂದಿಯಲ್ಲಿ ಬಾಯಿಂದ ಬಂದದ್ದು ಇದು: "ಇವತ್ತು ಕೊಡಲಿಕ್ಕಾಗುವುದಿಲ್ಲ. ಶ್ರಾವಣ ಹಿಡಿದ ಮೇಲೆ ನಮ್ಮಲ್ಲಿ ವಾದ್ಯವನ್ನು ಹೊಸ್ತಿಲು ದಾಟಿಸುವ ಪದ್ಧತಿ ಇಲ್ಲ. ದಸರಾಕ್ಕೆ ಪೂಜೆ ಆಗಬೇಕು, ಆಮೇಲೆ."

ನಮ್ಮಲ್ಲಿ ಅಂಥ ಪದ್ಧತಿ ಯಾವ ಕಾಲಕ್ಕೂ ಇರಲಿಲ್ಲ. ಶ್ರಾವಣ ಸೋಮವಾರ, ಒಪ್ಪತ್ತು ಇದ್ದುಕೊಂಡು, ದೇವರ ಕೋಣೆಗೆ ಬೆನ್ನು ಮಾಡಿ ನಿಂತು ಸುಳ್ಳು ಹೇಳಿದೆ. ಆ ಪುಣ್ಯಾತ್ಮ ಒಂದು ಮಾತು ತಿರುಗಿ ಕೇಳಲಿಲ್ಲ. "ಪದ್ಧತಿ ಅಂದರೆ ಪದ್ಧತಿ. ದಸರಾ ದಿನ ಬರ್ತೀನಿ" ಅಂದು ಒಂದು ಹಿಡಿ ಶೇಂಗಾ ತಿಂದು ಹೋದರು. ಅವತ್ತು ಅಕ್ಷತಾ ಮನೆಯಲ್ಲಿರಲಿಲ್ಲ. ಅದೊಂದು ದಯೆ.

ಸಂಜೆ ಕ್ಷಮೆ ಕೇಳಬೇಕು ಅಂತ ನಾಲ್ಕು ಸಲ ಆಕೆಯ ಕೋಣೆ ಬಾಗಿಲ ತನಕ ಹೋದೆ. ಆದರೆ ಏನು ಹೇಳುತ್ತಾಳೆ ಅಂತ ಗೊತ್ತಿತ್ತು. ಪರವಾಗಿಲ್ಲ ಅತ್ತೆ ಅಂತಾಳೆ, ಗಿಟಾರು ಮಾರಿಯೂ ಬಿಡುತ್ತಾಳೆ. ನಾನು ಯಾವುದನ್ನು ತಪ್ಪು ಅಂದೆನೋ ಅದು ಏನು ಅಂತಲೇ ನನಗೆ ಗೊತ್ತಿಲ್ಲ, ಮತ್ತೆ ಎಂಥ ಕ್ಷಮೆ ಕೇಳುವುದು? ದಸರಾಕ್ಕೆ ಇನ್ನೂ ಎರಡು ತಿಂಗಳಿತ್ತು. ಚಹಾ ಕೊಡುವ ನೆವದಲ್ಲಿ ಒಳಗೆ ಹೋಗಿ ಅಂದೆ, "ಮಾಸ್ತರ್ ದಸರಾ ದಿನ ಬರ್ತಾರಂತ. ಅಲ್ಲೀತನಕಾ ನನಗ ಕಲಸ್ತೀಯೇನು?"

"ಎಂತ ಕಲಿಸುದು ಅತ್ತೆ?"

"ಆ ಕೀಂ ಅಂತೈತಲ್ಲ, ಅದು."

ಆಕೆ ಚಹಾದ ಕಪ್ಪು ಹಿಡಿದು ನನ್ನನ್ನೇ ನೋಡಿದಳು. ಆಮೇಲೆ ಸ್ಟೂಲ್ ಹಾಕಿ ಪೆಟ್ಟಿಗೆ ಇಳಿಸಿದಳು.

ಶನಿವಾರ, ಭಾನುವಾರ ಊಟ ಆದ ಮೇಲೆ ಪಾಠ. ಉಳಿದ ದಿನ ಪೂಜೆ ಮುಗಿಸಿ, ಪಾತ್ರೆ ತೊಳೆದಿಟ್ಟು, ನಾನೊಬ್ಬಳೇ. ಮೊದಲ ದಿನ ಹೆಗಲಿಗೆ ಹಾಕುವ ಪಟ್ಟಿ ಚರ್ಮದ್ದೇನು ಅಂತ ಕೇಳಿದೆ, ಮಡಿಗೆ ತೊಡಕಾಗಬಾರದು. "ಅಲ್ಲ ಅತ್ತೆ, ನೈಲಾನ್" ಅಂದಳು. ಇನ್ನೊಂದು ದಯೆ. ಆದರೆ ಬಳೆಗಳದ್ದು ತಂಟೆ. ತಂತಿಗೆ ಕೈ ತಂದರೆ ಹಸಿರು ಗಾಜಿನ ಬಳೆ ಗಿಟಾರಿಗೆ ತಾಗಿ ಠಣಠಣ. ಬಳೆ ತೆಗೆಯುವ ಮಾತೇ ಇಲ್ಲ. ಅಕ್ಷತಾ ತನ್ನ ಕೂದಲಿನ ರಬ್ಬರ್ ತೆಗೆದು ಬಳೆಗಳನ್ನೆಲ್ಲ ಮೊಳಕೈ ಕಡೆ ಸರಿಸಿ ಕಟ್ಟಿದಳು. ಕೈಗೆ ಪಿಕ್ ಅಂತ ಒಂದು ಪ್ಲಾಸ್ಟಿಕ್ಕಿನ ಮುಮ್ಮೂಲೆ ಚೂರು ಕೊಟ್ಟಳು. ಅದರಿಂದ ತಂತಿ ಮೀಟಬೇಕು.

ಪಿಂಚ್ ಅಂದರೆ ಚಿವುಟುವುದು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಪಿಕ್ ಬದಿಗಿಟ್ಟು ಹೆಬ್ಬೆರಳು, ತೋರಬೆರಳಿನಲ್ಲಿ ತಂತಿ ಹಿಡಿದು, ಗಿರೀಶ ಸಣ್ಣವನಿದ್ದಾಗ ತೊಡೆಗೆ ಚಿವುಟುತ್ತಿದ್ದಂತೆ ಒಂದು ಚಿವುಟಿದೆ. ಠಪ್ ಅಂತ ಸಣ್ಣ ತಂತಿ ಹರಿದೇ ಹೋಯಿತು.

"ಚೆನ್ನಾಗಿದೆ ಅತ್ತೆ" ಅಂದಳು ಅಕ್ಷತಾ.

"ತಂತಿ ಹರದೈತಿ, ಛಲೋ ಏನ ಬಂತವಾ?"

"ಅಲ್ಲ, ಮೊದಲ ಸಲಕ್ಕೆ."

ಅಲ್ಲಿಗೆ ನನಗೆ ಈ ಹುಡುಗಿಯ ಕಷ್ಟ ಅರ್ಥವಾಯಿತು. ಕಲಿಸುವವಳೇ ತಪ್ಪನ್ನು ತಪ್ಪು ಅನ್ನಲು ಹೆದರುತ್ತಾಳೆ. "ನನಗ ಸುಳ್ಳ ಹೇಳಬ್ಯಾಡ. ಭಜನಿಯಾಗ ನಾ ಹೇಳಂಗಿಲ್ಲೇನು ಮುಖದ ಮ್ಯಾಲೆ? ಹಂಗ ಹೇಳು" ಅಂದೆ. ತಲೆಯಾಡಿಸಿದಳು. ಆದರೆ ಮುಂದಿನ ಮೂರು ವಾರ ಚೆನ್ನಾಗಿದೆ ಅನ್ನುವುದನ್ನು ಬಿಡಲಿಲ್ಲ.

ನಿಜವಾದ ರೀತಿ ಹೀಗೆ. ಪಿಕ್ಕಿನ ತುದಿ ಸಾಸಿವೆ ಕಾಳಿನಷ್ಟು ಮಾತ್ರ ಹೊರಗೆ ಕಾಣುವಂತೆ ಹಿಡಿಯಬೇಕು. ಅದು ತಂತಿಯನ್ನು ಮೀಟಿ ದಾಟುತ್ತಿದ್ದಂತೆ ಹೆಬ್ಬೆರಳಿನ ಪಕ್ಕದ ಮಾಂಸ ತಂತಿಗೆ ಸವರಬೇಕು. ಸವರಿದಾಗ ದಪ್ಪ ಸ್ವರ ಅಡಗುತ್ತದೆ, ಅದರೊಳಗೆ ಇದ್ದ ಸಣ್ಣ ಸ್ವರ ಒಂದೇ ಉಳಿದು ಮೇಲೇಳುತ್ತದೆ. ಅದೂ ಎಲ್ಲ ಜಾಗದಲ್ಲಿ ಅಲ್ಲ. ತಂತಿಯ ಮೇಲೆ ಒಂದೊಂದು ಕಡೆ ಮಾತ್ರ ಅದು ಕೂತಿರುತ್ತದೆ, ಕೂದಲೆಳೆಯಷ್ಟು ಆಚೀಚೆ ಆದರೆ ಸಿಗುವುದಿಲ್ಲ. ಹೆಬ್ಬೆರಳು ಹೆಚ್ಚು ಹೊತ್ತು ನಿಂತರೆ ಎಲ್ಲವೂ ಸತ್ತು ಬರೀ ಟಕ್ ಅನ್ನುತ್ತದೆ. ತಾಗದಿದ್ದರೆ ಮಾಮೂಲಿ ಸ್ವರ. ನನಗೆ ಮೂರು ವಾರ ಬರೀ ಟಕ್. ಹೆಬ್ಬೆರಳಿನ ಚರ್ಮ ಕೆಂಪಾಗಿ ಒಗ್ಗರಣೆಯ ಹಸಿಮೆಣಸಿನಕಾಯಿ ಮುರಿಯುವಾಗ ಉರಿಯುತ್ತಿತ್ತು. ಅರಿಷಿಣದ ಕೈಯಿಂದ ತಂತಿ ಹಳದಿಯಾಯಿತು. ನಡುನಡುವೆ ಟಕ್ ಅಲ್ಲದ, ಸ್ವರವೂ ಅಲ್ಲದ ಏನೋ ಒಂದು ಮಿಯಾಂವ್ ಅನ್ನುತ್ತಿತ್ತು. ಎದುರು ಮನೆಯ ತೆಲುಗು ಹೆಂಗಸು ಒಂದು ದಿನ ಬಾಗಿಲಿಗೆ ಬಂದು, "ಮೀ ಇಂಟ್ಲೋ ಪಿಲ್ಲಿ ಉಂದಾ ಅಂಡಿ?" ಅಂದಳು. ಬೆಕ್ಕು ಸಾಕಿದ್ದೀರಾ ಅಂತ. ನಮ್ಮನೆಯವರು ಪೇಪರಿನಿಂದ ತಲೆ ಎತ್ತದೆ, "ಉಂದಿ, ಉಂದಿ. ಈಗ ಐವತ್ನಾಲ್ಕು ವರ್ಷದ್ದು" ಅಂದರು.

ಆ ವರ್ಷ ಮಳೆ ಬಿಡಲೇ ಇಲ್ಲ. ರಸ್ತೆ ತುಂಬ ನೀರು ನಿಂತು ಅಕ್ಷತಾಗೆ ಹಲವು ದಿನ ಮನೆಯಿಂದಲೇ ಕೆಲಸ. ಹಾಗಾಗಿ ಪಾಠವೂ ಹೆಚ್ಚಾಯಿತು. ಅದೂ ದೇವರು ನಡೆಸಿಕೊಟ್ಟದ್ದೇ. ತೋರಿಸಬೇಕು ಅಂದರೆ ಆಕೆ ಬಾರಿಸಲೇಬೇಕಲ್ಲ. ಮೊದಮೊದಲು ಒಂದು ಸಲ ತೋರಿಸಿ ನನ್ನ ಕೈಗೆ ಕೊಟ್ಟುಬಿಡುತ್ತಿದ್ದಳು. ಆಮೇಲೆ ಎರಡು, ಮೂರು ಸಲ. ಕಡೆಗೆ ನಾನು ಪಕ್ಕದಲ್ಲಿ ಕೂತಿದ್ದೇನೆ ಅನ್ನುವುದನ್ನೇ ಮರೆತು ಹತ್ತು ನಿಮಿಷ ಬಾರಿಸಿ, "ಅಯ್ಯೋ, ನೀವು ಮಾಡಿ ಅತ್ತೆ" ಅನ್ನುತ್ತಿದ್ದಳು. ಬಾಯಿಯೂ ಸ್ವಲ್ಪ ಬಿಟ್ಟಿತು. ಗಣೇಶನ ಹಬ್ಬದ ಹೊತ್ತಿಗೆ ಚೆನ್ನಾಗಿದೆ ಹೋಗಿ, "ಹಾಗಲ್ಲ ಅತ್ತೆ" ಬಂದಿತ್ತು. ಒಂದು ದಿನ, "ನೀವು ಎಂತ, ತಂತಿ ಮೀಟುದಾ, ಹಿಟ್ಟು ನಾದುದಾ?" ಅಂದುಬಿಟ್ಟು ನಾಲಿಗೆ ಕಚ್ಚಿಕೊಂಡಳು. ನನಗೆ ಪಾಯಸ ಕುಡಿದಷ್ಟು ಖುಷಿ.

ಭಾದ್ರಪದದ ಒಂದು ಭಾನುವಾರ ಆಕೆಗೆ ರೊಟ್ಟಿ ಕಲಿಯುವ ಹುಮ್ಮಸ್ಸು ಬಂತು. ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಿದ ಮೇಲೆ ಅದರ ಮೇಲೆ ಒದ್ದೆ ಕೈಯಿಂದ ನೀರು ಸವರಬೇಕು. ಆಕೆ ಹತ್ತಿರ ತರುವುದು, ಉಗಿ ತಾಗಿದರೆ ಕೈ ಎಳೆದುಕೊಳ್ಳುವುದು. ರೊಟ್ಟಿ ಒಡೆದು ಭೂಪಟವಾಯಿತು.

"ಹೆದರಿ ಎಳಕೊಂಡ್ರ ಸುಡತೈತಿ" ಅಂದೆ. "ಒತ್ತಬ್ಯಾಡ, ನಿಲ್ಲಬ್ಯಾಡ. ಮುಟ್ಟಬೇಕು, ಆದ್ರ ಮುಟ್ಟಿದ್ದು ಹಂಚಿಗೆ ಗೊತ್ತಾಗಬಾರದು. ನೋಡು ಇಲ್ಲಿ." ನಾನು ಸವರಿ ತೋರಿಸಿದೆ.

ಆಕೆ ನನ್ನ ಕೈಯನ್ನೇ ನೋಡುತ್ತ, "ಅತ್ತೆ, ಮತ್ತೊಮ್ಮೆ" ಅಂದಳು. ಮತ್ತೊಂದು ರೊಟ್ಟಿಗೆ ಸವರಿದೆ. "ಅದೇ. ಹೆಬ್ಬೆಟ್ಟು ಸಹ ಹಾಗೇ. ಬನ್ನಿ, ಬನ್ನಿ."

ಗ್ಯಾಸ್ ಆರಿಸಿ, ಹಿಟ್ಟಿನ ಕೈ ತೊಳೆದು, ಬಳೆ ಸರಿಸಿ ಕೂತೆ. ಹಂಚು ಅಂದುಕೊಂಡೇ ತಂತಿಯನ್ನು ಮೀಟಿ ಸವರಿದೆ. ಕೀಂ ಅಂತು. ಸ್ಪೀಕರಿನ ಮೇಲಿದ್ದ ಸ್ಟೀಲ್ ಲೋಟ ನಡುಗಿತು. ಒಳಗಿನ ಕೋಣೆಯಿಂದ ನಮ್ಮನೆಯವರು, "ಅಕ್ಷತಾ, ಭೇಷ್" ಅಂದರು. "ನಾನಲ್ಲ ಮಾವ" ಅಂದಳು ಆಕೆ. ಅವರು ಎದ್ದು ಬಂದು ನೋಡಿದರು. ಎರಡನೇ ಸಲ ಬರಲಿಲ್ಲ. ಮೂರನೇದು ಇಲ್ಲ. ಏಳನೇ ಸಲ ಮತ್ತೆ ಬಂತು. ಈಗ ಹತ್ತರಲ್ಲಿ ಆರು ಸಲ ಬರುತ್ತದೆ, ಕೈ ಒಣಗಿದ್ದರೆ ಏಳು.

ನಮ್ಮನೆಯವರು ಹೋದ ಮೇಲೆ ಗಿಟಾರ್ ತೊಡೆಯ ಮೇಲಿಟ್ಟುಕೊಂಡೇ ಕೇಳಿದೆ. "ಇದನ್ನ ನಾ ತಪ್ಪ ಅಂತಿದ್ನೆಲ್ಲವಾ. ಇಷ್ಟ ದಿನಾ. ಯಾಕ ಒಂದ ಮಾತ ಹೇಳಲಿಲ್ಲ?"

ಆಕೆ ವಯರು ಸುತ್ತುತ್ತಿದ್ದವಳು ನಿಲ್ಲಿಸಿದಳು. "ನೀವು ಅಷ್ಟು ಪ್ರೀತಿಯಲ್ಲಿ ಹೇಳ್ತಿದ್ರಿ ಅತ್ತೆ. ಬೈದಿದ್ರೆ ಜಗಳ ಆದ್ರೂ ಮಾಡ್ಬಹುದಿತ್ತು. ಪ್ರೀತಿಯಲ್ಲಿ ಹೇಳಿದ್ರೆ ಎಂತ ಮಾಡುದು?"

"ಹಂಗಾದ್ರ ಮಾರಬ್ಯಾಡ."

"ಮಾಸ್ಟರಿಗೆ ಹೇಳಿ ಆಗಿದೆ. ಕೊಟ್ಟ ಮಾತು ಉಂಟಲ್ಲ" ಅಂದು ಎದ್ದು ಹೋಗಿ ಗ್ಯಾಸ್ ಹಚ್ಚಿದಳು. ಅವತ್ತು ಉಳಿದ ರೊಟ್ಟಿಗೆಲ್ಲ ಆಕೆಯೇ ನೀರು ಸವರಿದಳು.

ನವರಾತ್ರಿ ಬಂತು. ಕೆಳಗೆ ಕಾಲೊನಿಯ ಹೆಂಗಸರು ತಂಗಡಿ ಹೂ, ಚೆಂಡು ಹೂ ಜೋಡಿಸಿ ಬತುಕಮ್ಮ ಅಂತ ಹೂವಿನ ಗೋಪುರ ಇಟ್ಟು ಸುತ್ತ ಕುಣಿಯುತ್ತಿದ್ದರು. ನಾನೂ ಹೋಗಿ ನಾಲ್ಕು ಸುತ್ತು ಹಾಕಿ ಬಂದೆ. ಆದರೆ ಮನಸ್ಸೆಲ್ಲ ಕಪಾಟಿನ ಕಡೆ. ಖಂಡೇನವಮಿ ದಿನ ಈಳಿಗೆಮಣೆ, ಹೊಲಿಗೆ ಯಂತ್ರ, ನಮ್ಮನೆಯವರ ಸ್ಪ್ಯಾನರು, ಮಕ್ಕಳ ಲ್ಯಾಪ್‌ಟಾಪು ಎಲ್ಲ ದೇವರ ಮುಂದಿಟ್ಟು ಗಿಟಾರಿಗೂ ಕುಂಕುಮ ಹಚ್ಚಿದೆ. "ನಾಳೆ ಹೋಗುದಲ್ವಾ ಅತ್ತೆ, ಇದಕ್ಕೆಂತಕ್ಕೆ?" ಅಂದಳು. "ಹೋಗೂದಾದ್ರೂ ಪೂಜಿ ಮಾಡಿಸಿಕೊಂಡ ಹೋಗಲಿ" ಅಂದೆ. ದೇವರ ಹತ್ತಿರ ಬೇರೇನೂ ಕೇಳಲಿಲ್ಲ. ಸುಳ್ಳಿಗೆ ಕ್ಷಮೆ, ಈ ಹುಡುಗಿಗೆ ಒಂದು ಬಾಯಿ, ಎರಡೇ.

ದಸರಾ ದಿನ ಹೇಳಿದಂತೆ ಯೂಸುಫ್ ಮಾಸ್ತರ್ ಬಂದರು. ಕೈಯಲ್ಲಿ ಜಮ್ಮಿ ಎಲೆ, ನಾವು ಬನ್ನಿ ಅನ್ನುತ್ತೇವಲ್ಲ ಅದು. ನಮ್ಮನೆಯವರಿಗೆ, ಗಿರೀಶನಿಗೆ ಎಲೆ ಕೊಟ್ಟು ತಬ್ಬಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ನಿಮ್ಮ ಪದ್ಧತಿ ಮುಗೀತಲ್ಲ? ಇನ್ನು ವಾದ್ಯ ಹೊಸ್ತಿಲು ದಾಟಬಹುದಾ?" ಅಂದರು.

"ಯಾವ ಪದ್ಧತಿ?" ಅಂದರು ನಮ್ಮನೆಯವರು.

ಮಾಸ್ತರ್ ಮುಗ್ಧರಾಗಿ ಎಲ್ಲ ಹೇಳಿದರು. ಶ್ರಾವಣ, ಹೊಸ್ತಿಲು, ಪೂಜೆ. ನಮ್ಮನೆಯವರು, "ನಮ್ಮಲ್ಲಿ ಅಂಥಾದ್ದೇನೂ ಇಲ್ಲಲ್ಲ. ನಮ್ಮಪ್ಪ ಶ್ರಾವಣದಾಗ ಊರೆಲ್ಲಾ ತಬಲಾ ಹೊತಗೊಂಡು ತಿರಗತಿದ್ದ" ಅಂದರು. ಗಿರೀಶ ನಗಲು ಶುರು ಮಾಡಿದವನು ಅಕ್ಷತಾಳ ಮುಖ ನೋಡಿ ನಿಲ್ಲಿಸಿದ.

"ಸುಳ್ಳಾ ಅತ್ತೆ?"

"ಹೌದವಾ. ಸುಳ್ಳ."

ಆ ಹುಡುಗಿ ದನಿ ಎತ್ತಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ನೀವು ತಪ್ಪು ಅಂದ್ರಿ, ಬಿಟ್ಟೆ. ಕಲಿಸು ಅಂದ್ರಿ, ಕಲಿಸಿದೆ. ಮಾರ್ಬೇಡ ಅಂತ ಈ ಕಥೆ ಸಹ ಕಟ್ಟಿದ್ರಿ. ನಿಮ್ಮ ಮಗ ನೋಡಿದ್ರೆ ಬೇಡಾದ್ರೆ ಮಾರು ಅಂತ ಒಂದೇ ಮಾತು, ಯಾಕೆ ಬೇಡ ಅಂತ ಕೇಳ್ಲಿಲ್ಲ. ಇದು ನನ್ನ ಗಿಟಾರ್. ನನಗೆ ಎಂತ ಬೇಕು ಅಂತ ಈ ಮನೆಯಲ್ಲಿ ಒಬ್ರು ಸಹ ಕೇಳ್ಲಿಲ್ಲ."

ಗಿರೀಶ ತಲೆ ತಗ್ಗಿಸಿದ. ಮಾಸ್ತರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದು, ಎಲೆ ಹಿಡಿದ ಕೈ ಹಾಗೇ ಇಟ್ಟುಕೊಂಡು ನಿಂತರು. ನನಗೆ ನಾಚಿಕೆಯಾಯಿತು, ಆದರೆ ನಿಜ ಹೇಳಬೇಕೆಂದರೆ ಎದೆಯ ಮೇಲಿನ ಕಲ್ಲೂ ಇಳಿಯಿತು.

"ನಂದ ತಪ್ಪು" ಅಂದೆ. "ಈಗ ಕೇಳ್ತೀನಿ. ನಿನಗ ಏನ ಬೇಕು?"

ಆಕೆ ಒಂದೊಂದೇ ಮಾತು ಇಟ್ಟಳು. "ಏಳರಿಂದ ಎಂಟು. ಬಾಗಿಲು ಹಾಕಿ. ಹೆಡ್‌ಫೋನ್ ಇಲ್ದೆ. ಯಾರೂ ತಪ್ಪು ಅನ್ಬಾರ್ದು. ಚೆನ್ನಾಗಿದೆ ಅಂತ ಸಹ ಅನ್ಬಾರ್ದು."

ಏಳು ಗಂಟೆ ನನ್ನ ದೀಪದ ಹೊತ್ತು. ಮೂವತ್ತು ವರ್ಷ ತಪ್ಪಿಸಿದವಳಲ್ಲ. ಆದರೆ ಆರೂವರೆಗೆ ಹಚ್ಚಿದರೆ ದೇವರು ಬೇಡ ಅನ್ನುವುದಿಲ್ಲ, ಅಷ್ಟು ನನಗೆ ಗೊತ್ತಿತ್ತು. "ಆಗ್ಲಿ" ಅಂದೆ. "ನಾ ಮಧ್ಯಾಹ್ನ ಬಾರಸ್ತೀನಿ. ಕೊಡ್ತಿದ್ರ."

"ಕೇಳಿದ್ರೆ ಕೊಡ್ತೇನೆ" ಅಂದಳು. ಮಾಸ್ತರ ಕಡೆ ತಿರುಗಿ ಹಿಂದಿಯಲ್ಲಿ, "ಸಾರಿ ಮಾಸ್ಟರ್, ಕೊಡುವುದಿಲ್ಲ" ಅಂದಳು. ಅವರು ಉಳಿದ ಎಲೆಗಳನ್ನೆಲ್ಲ ಆಕೆಯ ಕೈಯಲ್ಲಿ ಹಾಕಿ, "ಎರಡು ತಿಂಗಳ ಹಿಂದೆಯೇ ಹೇಳಿದ್ದರೆ ನನಗೆ ಈ ಮೆಟ್ಟಿಲು ತಪ್ಪುತ್ತಿತ್ತಲ್ಲ ಮಗಳೇ" ಅಂದರು. ಲಿಫ್ಟ್ ಅವತ್ತು ಕೆಟ್ಟಿತ್ತು. ಹೋಳಿಗೆ ಆಗುವ ತನಕ ಕೂಡ್ರಿ ಅಂತ ನಮ್ಮನೆಯವರು ಅವರನ್ನು ಕೂರಿಸಿಕೊಂಡರು. ಅಕ್ಷತಾ ಪೆಟ್ಟಿಗೆ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿದಳು. ಏಳಕ್ಕೆ ಇನ್ನೂ ಭಾಳ ಹೊತ್ತಿತ್ತು. ಯಾರೂ ಏನೂ ಅನ್ನಲಿಲ್ಲ.

ನಾನು ಅಡುಗೆಮನೆಗೆ ಬಂದೆ. ಬೆಂದ ಬೇಳೆ, ಬೆಲ್ಲ ಮಿಕ್ಸಿಯಲ್ಲಿ ಹಾಕಿ ಮುಚ್ಚಳ ಒತ್ತಿದ್ದೆ. ಆಗ ಬಾಗಿಲ ಆಚೆಯಿಂದ ಮೊದಲ ಸ್ವರ ಬಂತು. ಮಿಕ್ಸಿಯ ವಯರು ಕಿತ್ತು, ಹೂರಣವನ್ನೆಲ್ಲ ಒಳಕಲ್ಲಿಗೆ ಸುರುವಿದೆ. ಗುಂಡುಕಲ್ಲು ತೊಳೆದು, ಮಣೆ ಎಳೆದುಕೊಂಡು ಕೂತು, ಕೈಯಿಂದಲೇ ರುಬ್ಬತೊಡಗಿದೆ.